ಹಡಗು ಬಂದಷ್ಟು ದಿನ ಪತ್ರಿಕೆ

1854ರ ಏಪ್ರಿಲ್ 22ರ ಶನಿವಾರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಗೋಲ್ಡನ್ ಹಿಲ್ಸ್ ನ್ಯೂಸ್’ ಎಂಬ ಪತ್ರಿಕೆ ಹೊರಬಿತ್ತು. ಹೆಸರು ಇಂಗ್ಲಿಷಿನದು, ಒಳಗೆ ಬಹುಪಾಲು ಚೀನೀ ಲಿಪಿ. ಹೊರತಂದವನು ವಿಲಿಯಂ ಹೋವರ್ಡ್ ಎಂಬ ಬಿಳಿಯ. ಓದಬೇಕಾದವರು ಕ್ಯಾಂಟನ್ ಸುತ್ತಲಿನ ಹಳ್ಳಿಗಳಿಂದ ಚಿನ್ನ ಅಗೆಯಲು ಹಡಗು ಹತ್ತಿ ಬಂದ ರೈತಾಪಿ ಜನ ಮತ್ತು ಅವರಿಗೆ ಅಕ್ಕಿ, ಚಹಾ, ಗುದ್ದಲಿ ಮಾರುತ್ತಿದ್ದ ವರ್ತಕರು. ಕ್ಯಾಲಿಫೋರ್ನಿಯವನ್ನು ಅವರು ‘ಗಮ್ ಸಾನ್’, ಅಂದರೆ ಚಿನ್ನದ ಬೆಟ್ಟ ಅನ್ನುತ್ತಿದ್ದರು. ಅಮೆರಿಕದ ಮೊದಲ ಚೀನೀ ಪತ್ರಿಕೆ ಅದು. ಕೆಲವೇ ತಿಂಗಳಲ್ಲಿ ನಿಂತುಹೋಯಿತು.

ಅದಕ್ಕೆ ಅಚ್ಚುಮೊಳೆಗಳಿರಲಿಲ್ಲ. ಸಾವಿರಾರು ಬಗೆಯ ಅಕ್ಷರಗಳ ಸೀಸದ ಮೊಳೆಗಳನ್ನು ಆ ಕಾಲದಲ್ಲಿ ಆ ಊರಿಗೆ ಯಾರು ತರಿಸುತ್ತಾರೆ? ಕೈಯಲ್ಲಿ ಬರೆದು, ಕಲ್ಲಿಗಿಳಿಸಿ, ಕಲ್ಲಚ್ಚಿನಲ್ಲಿ ಒತ್ತಿದರು. ಅದಕ್ಕೆ ಹನ್ನೊಂದು ವರ್ಷ ಮುಂಚೆ, 1843ರಲ್ಲಿ, ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಒತ್ತಿದ್ದೂ ಕಲ್ಲಚ್ಚಿನಲ್ಲೇ. ಅಲ್ಲಿಂದಾಚೆಗೆ ಎರಡರ ದಾರಿಯೂ ಬೇರೆ. ಗುಣಿತ, ಒತ್ತಕ್ಷರ ಎಲ್ಲ ಸೇರಿಸಿದರೂ ಕನ್ನಡಕ್ಕೆ ಕೆಲವು ನೂರು ಮನೆಗಳ ಕೇಸು, ಅಂದರೆ ಮೊಳೆಪೆಟ್ಟಿಗೆ, ಸಾಕಾಯಿತು. ಚೀನೀ ಕಂಪೋಸಿಟರನಿಗೆ ಗೋಡೆಯುದ್ದಕ್ಕೂ ಕೇಸುಗಳು ಬೇಕು. ದಿನಬಳಕೆಯ ಅಕ್ಷರಗಳು ಕೈಗೆಟುಕುವಲ್ಲಿ, ಅಪರೂಪದವು ಅಂಚಿನಲ್ಲಿ. ಅವನು ಕೂತು ಮೊಳೆ ಜೋಡಿಸುವವನಲ್ಲ, ಓಡಾಡುತ್ತ ಜೋಡಿಸುವವನು. ಪರದೇಶದಲ್ಲಿ ಅಂಥದೊಂದು ಮುದ್ರಣಾಲಯ ಕಟ್ಟಿ, ಆಳುಗಳಿಗೆ ಸಂಬಳ ಕೊಟ್ಟು ನಡೆಸಬೇಕಾದರೆ ಓದುಗರು ಸಾವಿರದ ಲೆಕ್ಕದಲ್ಲಿ ಬೇಕು. ಓದುಗರು ಬರುತ್ತಿದ್ದದ್ದು ಹಡಗಿನಲ್ಲಿ. ಹೀಗಾಗಿ ಈ ಪತ್ರಿಕೆಗಳ ಇತಿಹಾಸವನ್ನು ಭಾಷಾಭಿಮಾನದ ಕತೆಯಾಗಿ ಹೇಳಿದರೆ ನನಗೆ ಒಪ್ಪಿಗೆಯಾಗುವುದಿಲ್ಲ. ಅವು ಹುಟ್ಟಿದ್ದು, ಬೆಳೆದದ್ದು, ಸೊರಗಿದ್ದು ಎಲ್ಲವೂ ವಲಸೆ ಕಾನೂನಿನ ಏರಿಳಿತಕ್ಕೆ ತಕ್ಕ ಹಾಗೆ.

ಮೊದಲ ಪತ್ರಿಕೆ ಬಂದ ವರ್ಷವೇ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂತು. ಜಾರ್ಜ್ ಹಾಲ್ ಎಂಬ ಬಿಳಿಯ ಒಬ್ಬ ಚೀನೀಯನನ್ನು ಕೊಂದಿದ್ದ. ಕಂಡವರು ಚೀನೀಯರು; ಅವರ ಸಾಕ್ಷ್ಯದ ಮೇಲೆ ಶಿಕ್ಷೆಯೂ ಆಗಿತ್ತು. ಮುಖ್ಯ ನ್ಯಾಯಮೂರ್ತಿ ಹ್ಯೂ ಮರ್ರೆ ಆ ಶಿಕ್ಷೆಯನ್ನು ರದ್ದು ಮಾಡಿದ. ಬಿಳಿಯರ ವಿರುದ್ಧ ‘ಇಂಡಿಯನ್ನರು’ ಸಾಕ್ಷಿ ಹೇಳಕೂಡದೆಂಬ ಕಾನೂನೊಂದಿತ್ತು. ಕೊಲಂಬಸ್ ತಾನು ಏಷ್ಯಾದ ಕಡಲಿಗೇ ಬಂದೆನೆಂದು ತಿಳಿದು ಅಲ್ಲಿನ ಮೂಲನಿವಾಸಿಗಳಿಗೆ ಆ ಹೆಸರಿಟ್ಟ, ಆದ್ದರಿಂದ ಏಷ್ಯಾದವರೂ ಆ ಮಾತಿನೊಳಗೆ ಬರುತ್ತಾರೆ ಎಂಬುದು ನ್ಯಾಯಮೂರ್ತಿಯ ವಾದ. ಕೊಲಂಬಸ್ ದಾರಿ ತಪ್ಪಿದ್ದಕ್ಕೆ ಮುನ್ನೂರೈವತ್ತು ವರ್ಷಗಳ ಮೇಲೆ ಚೀನೀಯರು ದಂಡ ತೆರಬೇಕಾಯಿತು! ಅದಲ್ಲದೆ ಪರದೇಶಿ ಗಣಿಗಾರರ ಮೇಲೆ ತಿಂಗಳಿಗೆ ಮೂರು, ಆಮೇಲೆ ನಾಲ್ಕು ಡಾಲರಿನ ತೆರಿಗೆ ಬೇರೆ.

ಕೋರ್ಟಿನಲ್ಲಿ ಬಾಯಿ ಬಿಡುವಂತಿಲ್ಲದವರಿಗೆ ಉಳಿದದ್ದು ಕಾಗದ. 1855ರ ಜನವರಿಯಲ್ಲಿ ‘ದಿ ಓರಿಯೆಂಟಲ್’ ಬಂತು. ನಡೆಸಿದವನು ಪಾದ್ರಿ ವಿಲಿಯಂ ಸ್ಪಿಯರ್, ಕ್ಯಾಂಟನ್‌ನಲ್ಲಿದ್ದು ಬಂದವನು. ಚೀನೀ ಭಾಗವನ್ನು ನೋಡಿಕೊಂಡವನು ಲೀ ಕಾನ್. ಚೀನೀ ಪುಟಗಳಲ್ಲಿ ಸರಕಿನ ದರ, ಬಂದುಹೋಗುವ ಹಡಗುಗಳ ವಿವರ, ತಾಯ್ನಾಡಿನ ಸುದ್ದಿ. ಇಂಗ್ಲಿಷ್ ಪುಟಗಳಲ್ಲಿ ಬಿಳಿಯರಿಗೆ ಅಹವಾಲು: ಈ ಜನ ತೆರಿಗೆ ಕಟ್ಟುತ್ತಾರೆ, ವ್ಯಾಪಾರ ತರುತ್ತಾರೆ, ಇವರನ್ನು ಹೀಗೆ ಹಿಂಡುವುದು ನಿಮಗೂ ಲಾಭವಲ್ಲ ಎಂದು. ಒಂದು ಮಗ್ಗುಲಲ್ಲಿ ಚೀನೀಯರಿಗೆ ತಿಳಿವಳಿಕೆ, ಇನ್ನೊಂದು ಮಗ್ಗುಲಲ್ಲಿ ಊರಿನವರ ಹತ್ತಿರ ವಕಾಲತ್ತು. ಮುಂದಿನ ಎಷ್ಟೋ ಪತ್ರಿಕೆಗಳು ಇದನ್ನೇ ಮಾಡಿದವು. 1856ರಲ್ಲಿ ಸ್ಯಾಕ್ರಮೆಂಟೊದಲ್ಲಿ ಚೀನೀಯನೇ ಹೊರಡಿಸಿದ ಪತ್ರಿಕೆಯೂ ಬಂತು. ಅದೂ ಎರಡು ವರ್ಷದಲ್ಲಿ ಮುಗಿಯಿತು.

ಚೀನೀ ಕೂಲಿಗಳು ದುಡಿದ, ದೇಶ ದಾಟುವ ರೈಲು ಹಾದಿ ಮುಗಿದ ಮೇಲೆ, 1870ರ ದಶಕದಲ್ಲಿ, ಕೆಲಸವಿಲ್ಲದ ಬಿಳಿಯ ಕಾರ್ಮಿಕರ ಸಿಟ್ಟೆಲ್ಲ ಚೀನೀಯರ ಮೇಲೆ ತಿರುಗಿತು. 1882ರಲ್ಲಿ ಚೀನೀ ಕೂಲಿಗಳಿಗೆ ಬಾಗಿಲು ಮುಚ್ಚುವ ಕಾಯ್ದೆ ಬಂತು. 1892ರ ಗಿಯರಿ ಕಾಯ್ದೆ ಪ್ರಕಾರ ಒಳಗಿದ್ದವರು ಗುರುತುಪತ್ರ ಇಟ್ಟುಕೊಂಡೇ ಓಡಾಡಬೇಕಾಯಿತು. 1890ರ ಜನಗಣತಿಯಲ್ಲಿ 1 ಲಕ್ಷ 7 ಸಾವಿರದಷ್ಟಿದ್ದ ಚೀನೀಯರು 1920ರ ಹೊತ್ತಿಗೆ ಸುಮಾರು 61 ಸಾವಿರಕ್ಕೆ ಇಳಿದರು. ಹೆಂಡತಿಯನ್ನು ಕರೆಸಿಕೊಳ್ಳಲಾಗದೆ ಒಂಟಿಯಾಗಿ ಮುಪ್ಪಾದ ಗಂಡಸರ ಊರಾಯಿತು ಚೈನಾಟೌನ್.

ಆ ಇಳಿಮುಖದ ನಡುವೆಯೇ ಅಲ್ಲಿನ ಚೀನೀ ಪತ್ರಿಕೋದ್ಯಮದ ದೊಡ್ಡ ಮನುಷ್ಯ ಬಂದದ್ದು. ಇಂಗ್ ಪೂನ್ ಚ್ಯೂ ಹುಟ್ಟಿದ್ದು 1866ರಲ್ಲಿ, ಕ್ಯಾಂಟನ್ ಪ್ರಾಂತ್ಯದ ತಾಯ್‌ಶಾನ್ ಸೀಮೆಯಲ್ಲಿ. ಚಿನ್ನದ ಬೆಟ್ಟದಿಂದ ಚಿಕ್ಕಪ್ಪ ಚೀಲಗಟ್ಟಲೆ ಬೆಳ್ಳಿ ನಾಣ್ಯ ಹೊತ್ತು ಬಂದದ್ದನ್ನು ಕಂಡ ಹುಡುಗ 1881ರಲ್ಲಿ ಹಡಗು ಹತ್ತಿದ. ಒಂದೇ ವರ್ಷ ತಡವಾಗಿದ್ದರೆ ಬಾಗಿಲು ಮುಚ್ಚಿರುತ್ತಿತ್ತು. ಸ್ಯಾನ್ ಹೋಸೆ ಹತ್ತಿರದ ತೋಟದ ಮನೆಯಲ್ಲಿ ಆಳಾಗಿ ದುಡಿಯುತ್ತ ಇಂಗ್ಲಿಷ್ ಕಲಿತ. ಇವತ್ತು ನಮ್ಮ ಸಾಫ್ಟ್‌ವೇರ್ ಹುಡುಗರ ಮನೆಗಳಿರುವ ಅದೇ ಸ್ಯಾನ್ ಹೋಸೆ. ಆಮೇಲೆ ದೇವಶಾಸ್ತ್ರ ಓದಿ, ಜಡೆ ಕತ್ತರಿಸಿ, ಪ್ರೆಸ್ಬಿಟೇರಿಯನ್ ಪಾದ್ರಿಯಾದ. 1899ರಲ್ಲಿ ಲಾಸ್ ಏಂಜಲೀಸಿನಲ್ಲಿ ವಾರಪತ್ರಿಕೆ ನಡೆಸಿ ಕೈ ಪಳಗಿಸಿಕೊಂಡು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ. 1900ರ ಫೆಬ್ರುವರಿ 16ರಂದು ‘ಚುಂಗ್ ಸಾಯ್ ಯಾಟ್ ಪೊ’ ಎಂಬ ದಿನಪತ್ರಿಕೆ ಶುರುವಾಯಿತು. ಕಲ್ಲಚ್ಚಿನ ಕಾಲ ಮುಗಿದಿತ್ತು. ಇದಕ್ಕೆ ಸೀಸದ ಮೊಳೆಗಳಿದ್ದವು.

ಶುರುವಾಗಿ ಮೂರು ವಾರ ಕಳೆದಿಲ್ಲ, ಮಾರ್ಚ್ 6ರಂದು ಚೈನಾಟೌನಿನ ಗ್ಲೋಬ್ ಹೋಟೆಲಿನ ನೆಲಮಾಳಿಗೆಯಲ್ಲಿ ಒಬ್ಬ ಚೀನೀಯನ ಶವ ಸಿಕ್ಕಿತು. ಪ್ಲೇಗ್ ಎಂದರು ವೈದ್ಯರು. ಇಡೀ ಕೇರಿಗೆ ಹಗ್ಗ ಕಟ್ಟಿ ಪೊಲೀಸರನ್ನು ನಿಲ್ಲಿಸಿದರು. ಮೇ ಕೊನೆಗೆ ಮತ್ತೊಮ್ಮೆ ದಿಗ್ಬಂಧನ. ಅಂಚಿನಲ್ಲಿದ್ದ ಬಿಳಿಯರ ಅಂಗಡಿಗಳನ್ನು ಜಾಣತನದಿಂದ ಸುತ್ತು ಬಳಸಿ, ಹೊರಗೇ ಬಿಟ್ಟು ಗೆರೆ ಎಳೆದಿದ್ದರು. ಊರು ಬಿಡಬೇಕೆನ್ನುವ ಚೀನೀಯರು ಹ್ಯಾಫ್ಕಿನ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು ಎಂದರು. ಮುಂಬೈಯಲ್ಲಿ ವಾಲ್ಡೆಮಾರ್ ಹ್ಯಾಫ್ಕಿನ್ ಸಿದ್ಧಪಡಿಸಿದ್ದ, 1898ರ ಮಾರಿಯ ವೇಳೆ ನಮ್ಮ ಹುಬ್ಬಳ್ಳಿ-ಧಾರವಾಡದ ಜನಕ್ಕೂ ಚುಚ್ಚಿದ ಅದೇ ಲಸಿಕೆ. ಚೀನೀಯರಿಗೆ ಸೂಜಿಗಿಂತ ಹೆಚ್ಚಾಗಿ, ಅದು ಬಿಳಿಯರಿಗಿಲ್ಲದೆ ತಮಗೆ ಕಡ್ಡಾಯವಾದದ್ದರ ಭಯ. ಹೊಸ ಪತ್ರಿಕೆಗೆ ದಿನವೂ ಅದೇ ಸುದ್ದಿ: ಯಾವ ಬೀದಿ ಮುಚ್ಚಿದೆ, ಚೀನೀ ಸಂಘಗಳು ಯಾವ ವಕೀಲನನ್ನು ಹಿಡಿದಿವೆ, ಕೋರ್ಟು ಏನೆಂದಿತು. ಕೋರ್ಟು ಚೀನೀಯರ ಪರ ನಿಂತಿತು. ಕಡ್ಡಾಯ ಲಸಿಕೆಯನ್ನೂ, ಜನಾಂಗ ನೋಡಿ ಹಾಕಿದ ದಿಗ್ಬಂಧನವನ್ನೂ ಎರಡು ಬೇರೆ ಬೇರೆ ತೀರ್ಪುಗಳಲ್ಲಿ ತಳ್ಳಿಹಾಕಿತು. ಜೂನ್ ನಡುವಿಗೆ ಹಗ್ಗ ಬಿಚ್ಚಿದರು.

ಚುಂಗ್ ಸಾಯ್ ಪತ್ರಿಕೆಯ ಇನ್ನೊಂದು ಮುಖವನ್ನು ಇತಿಹಾಸಕಾರ್ತಿಯರು ಈಚೆಗೆ ಎತ್ತಿ ತೋರಿಸಿದ್ದಾರೆ. 1902ರ ನವೆಂಬರಿನಲ್ಲಿ ಸೀ ಕಿಂಗ್ ಕಿಂಗ್ ಎಂಬ ಹದಿನೆಂಟರ ವಿದ್ಯಾರ್ಥಿನಿ ಕಿಕ್ಕಿರಿದ ಚೈನಾಟೌನ್ ಸಭೆಯಲ್ಲಿ ಹೆಂಗಸರ ಕಾಲು ಕಟ್ಟುವ ಪದ್ಧತಿಯನ್ನು ಖಂಡಿಸಿ, ಹೆಣ್ಣುಮಕ್ಕಳಿಗೆ ಓದು ಬೇಕೆಂದು ಭಾಷಣ ಮಾಡಿದಳು. ಆ ಕೇರಿಯಲ್ಲಿ ಹೆಂಗಸೊಬ್ಬಳು ಹಾಗೆ ವೇದಿಕೆ ಹತ್ತಿದ್ದೇ ಆಗಿನ ಕಾಲಕ್ಕೆ ಸುದ್ದಿ. ಪತ್ರಿಕೆ ಅದನ್ನು ಆದರದಿಂದ ವರದಿ ಮಾಡಿತು. ಕಾಲು ಕಟ್ಟುವುದರ ವಿರುದ್ಧ, ಸ್ತ್ರೀಶಿಕ್ಷಣದ ಪರ ಬರೆಯುತ್ತಲೇ ಹೋಯಿತು. ಓದುಗರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗಂಡಸರೇ ಇದ್ದ ಊರಿನಲ್ಲಿ ಇದರಿಂದ ಚಂದಾ ಹೆಚ್ಚಿರಲಾರದು. ಪಾದ್ರಿಯ ಹಟ ಅಷ್ಟೆ.

1906ರ ಏಪ್ರಿಲ್ 18ರ ಬೆಳಗಿನ ಜಾವ ಭೂಕಂಪ. ಅದರ ಬೆನ್ನಿಗೇ ಬೆಂಕಿ. ಚೈನಾಟೌನ್ ಪೂರ್ತಿ ಬೂದಿಯಾಯಿತು, ಪತ್ರಿಕೆಯ ಕಚೇರಿ, ಮೊಳೆ, ಯಂತ್ರ ಎಲ್ಲ ಸೇರಿ. ಜನ ಕೊಲ್ಲಿ ದಾಟಿ ಓಕ್‌ಲೆಂಡಿಗೆ ಓಡಿದರು. ಊರಿನ ದೊಡ್ಡವರಿಗೆ ಇದೊಂದು ಸದವಕಾಶವಾಗಿ ಕಂಡಿತು. ಪೇಟೆ ನಡುವಿನ ಬೆಲೆಬಾಳುವ ನೆಲ ಖಾಲಿಯಾಗಿದೆ, ಚೀನೀಯರನ್ನು ಊರಾಚೆಯ ಹಂಟರ್ಸ್ ಪಾಯಿಂಟಿಗೆ ಸಾಗಿಸಿಬಿಡೋಣ ಎಂಬ ಹವಣಿಕೆ ನಡೆಯಿತು. ಸುಟ್ಟ ಎಂಟು ಹತ್ತು ದಿನದೊಳಗೆ ಚುಂಗ್ ಸಾಯ್ ಓಕ್‌ಲೆಂಡಿನಿಂದ ಮತ್ತೆ ಬರತೊಡಗಿತು. ಮೊದಲಿಗೆ ಮೊಳೆಯಿಲ್ಲ, ಕೈಬರಹವೇ ಗತಿ. ಆ ಪುಟಗಳಲ್ಲಿ ಗೋಳಿಗಿಂತ ವ್ಯವಹಾರವೇ ಹೆಚ್ಚು: ವಕೀಲರನ್ನು ಹಿಡಿಯಿರಿ, ಸ್ವಂತ ಜಾಗ ಇರುವವರು ಅಲ್ಲೇ ಕಟ್ಟಲು ಶುರುಮಾಡಿ, ಅನುಮತಿಗೆಂದು ಕಾಯಬೇಡಿ, ಬಾಡಿಗೆಯವರು ಬಿಳಿಯ ಮಾಲೀಕರನ್ನು ಕಂಡು ಕರಾರು ಗಟ್ಟಿ ಮಾಡಿಕೊಳ್ಳಿ. ಚೀನೀ ಸರ್ಕಾರದ ಪ್ರತಿನಿಧಿಗಳು ತಮ್ಮ ಕಾನ್ಸುಲೇಟನ್ನು ಹಳೆಯ ಜಾಗದಲ್ಲೇ ಕಟ್ಟುತ್ತೇವೆಂದರು. ವ್ಯಾಪಾರ ಬೇರೆ ಬಂದರಿಗೆ ಹೋದೀತೆಂಬ ಭಯ, ಬಾಡಿಗೆ ತಪ್ಪೀತೆಂಬ ಭಯ ಎರಡೂ ಸೇರಿ ಯೋಜನೆ ಬಿದ್ದುಹೋಯಿತು. ಇವತ್ತು ಪ್ರವಾಸಿಗರು ಫೋಟೊ ತೆಗೆಯುವ ಬಾಗಿದ ಸೂರಿನ ಕಟ್ಟಡಗಳು ಆಮೇಲೆ ಎದ್ದವು. ಪತ್ರಿಕೆಯೊಂದು ತನ್ನ ಓದುಗರ ಕೈಗೆ ಅವರ ನೆಲವನ್ನು ಉಳಿಸಿಕೊಟ್ಟ ಇಂಥ ನಿದರ್ಶನ ಪತ್ರಿಕಾ ಇತಿಹಾಸದಲ್ಲೇ ಕಡಿಮೆ. ಇಂಗ್ ಪೂನ್ ಚ್ಯೂ ಬೇರೇನನ್ನೂ ಮಾಡದಿದ್ದರೂ ಇದೊಂದಕ್ಕೇ ಅವನನ್ನು ನೆನೆಯಬೇಕು.

ಅದೇ ಬೆಂಕಿಯಲ್ಲಿ ಊರಿನ ಜನನ ದಾಖಲೆಗಳೂ ಸುಟ್ಟವು. ನಾನು ಇಲ್ಲೇ ಹುಟ್ಟಿದವನು ಎಂದರೆ ಅಲ್ಲವೆನ್ನಲು ಸರ್ಕಾರದ ಬಳಿ ಕಾಗದವಿಲ್ಲ. ಪೌರನಾದವನು ಚೀನಾದ ತನ್ನ ಊರಿಗೆ ಹೋಗಿ ಬಂದು ‘ನನಗೆ ಮಗ ಹುಟ್ಟಿದ’ ಎಂದು ಬರೆಸುವುದು, ಆ ಇಲ್ಲದ ಮಗನ ಹೆಸರನ್ನು ಬೇರೆ ಯಾರದೋ ಹುಡುಗನಿಗೆ ಮಾರುವುದು ಶುರುವಾಯಿತು. ‘ಕಾಗದದ ಮಕ್ಕಳು’ ಅನ್ನುತ್ತಾರೆ ಇವರನ್ನು. ಮುಚ್ಚಿದ ಬಾಗಿಲಿನ ಸಂದಿಯಿಂದ ಹೀಗೆ ನುಸುಳಿ ಬಂದವರೂ ಪತ್ರಿಕೆಗಳ ಓದುಗರಾದರು.

ಇನ್ನು ರಾಜಕೀಯ. ಚೀನಾದ ಚಕ್ರವರ್ತಿಯನ್ನು ಉಳಿಸಿಕೊಂಡು ಸುಧಾರಣೆ ಮಾಡಬೇಕೆಂಬ ಕಾಂಗ್ ಯೂವೇಯ್ ಕಡೆಯವರಿಗೆ ಒಂದು ಪತ್ರಿಕೆ, ಅದೇ ಮುಂದೆ ‘ಚೈನೀಸ್ ವರ್ಲ್ಡ್’ ಆಯಿತು. ಅರಸೊತ್ತಿಗೆಯೇ ಬೇಡವೆಂದ ಸನ್ ಯಾತ್ಸೆನ್ ಕಡೆಯವರಿಗೆ 1910ರಲ್ಲಿ ‘ಯಂಗ್ ಚೈನಾ’. ಎರಡೂ ಪುಟಗಟ್ಟಲೆ ಒಂದನ್ನೊಂದು ಬೈದುಕೊಂಡವು. ನಡುವೆ ಚುಂಗ್ ಸಾಯ್, ಯಾರ ಜೇಬಿನಲ್ಲೂ ಇಲ್ಲದೆ. 1904ರಲ್ಲಿ ಸನ್ ಯಾತ್ಸೆನ್ ಸ್ಯಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ ವಲಸೆ ಅಧಿಕಾರಿಗಳ ಕೈಗೆ ಸಿಕ್ಕಿ ಮರದ ಷೆಡ್ಡಿನಲ್ಲಿ ಕೂಡಿಹಾಕಿಸಿಕೊಂಡಾಗ ಚೀಟಿ ಕಳಿಸಿದ್ದು ಇಂಗ್ ಪೂನ್ ಚ್ಯೂಗೆ. ಬಿಡಿಸಲು ಓಡಾಡಿದವನೂ ಅವನೇ.    

ಈ ಪತ್ರಿಕೆಗಳಿಗೆ ಚೀನಾದ ಚಿಂತೆ ಜಾಸ್ತಿಯಾಯಿತು, ಕಾಲಡಿಯ ನೆಲದ ಚಿಂತೆ ಕಡಿಮೆಯಾಯಿತು ಎಂಬ ಅಸಮಾಧಾನ ಅಲ್ಲೇ ಹುಟ್ಟಿದವರಲ್ಲಿತ್ತು. 1924ರಲ್ಲಿ ಅಮೆರಿಕ ವಲಸೆ ಕಾನೂನನ್ನು ಇನ್ನಷ್ಟು ಬಿಗಿ ಮಾಡಿತು. ಪೌರನಾದ ಚೀನೀಯನೂ ಹೆಂಡತಿಯನ್ನು ಕರೆತರುವಂತಿಲ್ಲ ಎಂಬಲ್ಲಿಗೆ ಬಂತು. ಅದೇ ವರ್ಷ ಅಮೆರಿಕದಲ್ಲೇ ಹುಟ್ಟಿದ ಚೀನೀಯರ ಸಂಘ ‘ಚೈನೀಸ್ ಟೈಮ್ಸ್’ ಹೊರಡಿಸಿತು. ಆದರೆ ಅವರ ಮಕ್ಕಳಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. 1935ರಲ್ಲಿ ಆ ಪೀಳಿಗೆಗೆಂದೇ ‘ಚೈನೀಸ್ ಡೈಜೆಸ್ಟ್’ ಬಂತು, ಪೂರ್ತಿ ಇಂಗ್ಲಿಷಿನಲ್ಲಿ.

ನ್ಯೂಯಾರ್ಕಿನಲ್ಲಿ ಕತೆ ಬೇರೆ ತಿರುವು ಪಡೆಯಿತು. ಅಲ್ಲಿ ಓದುಗರು ಅಗಸರು. ಎಂಟು ಪೌಂಡಿನ ಇಸ್ತ್ರಿಪೆಟ್ಟಿಗೆ ಹಿಡಿದು ದಿನವಿಡೀ ನಿಂತು ದುಡಿಯುವವರು. 1933ರಲ್ಲಿ ಊರಾಡಳಿತ ಪ್ರತಿ ಲಾಂಡ್ರಿಗೂ ಭಾರಿ ಶುಲ್ಕ, 1,000 ಡಾಲರಿನ ಜಾಮೀನು ಹೇರಲು ಹೊರಟಾಗ ಅವರೆಲ್ಲ ಒಟ್ಟಾಗಿ ಸಂಘ ಕಟ್ಟಿ, ಹೋರಾಡಿ, ಜಾಮೀನನ್ನು 100 ಡಾಲರಿಗೆ ಇಳಿಸಿಕೊಂಡರು. 1940ರಲ್ಲಿ ಅದೇ ಜನ ಕೈಯಿಂದ ಹಣ ಹಾಕಿ ‘ಚೈನಾ ಡೈಲಿ ನ್ಯೂಸ್’ ಶುರುಮಾಡಿದರು. ಪತ್ರಿಕೆಯ ಒಲವು ಎಡಕ್ಕಿತ್ತು. 1949ರಲ್ಲಿ ಚೀನಾ ಕೆಂಪಾಯಿತು, ಮರುವರ್ಷ ಕೊರಿಯಾ ಯುದ್ಧ. ಊರಿಗೆ ಹಣ ಕಳಿಸುವ ಬಗೆಗಿನ ಬ್ಯಾಂಕ್ ಜಾಹೀರಾತು ಹಾಕಿದ್ದೇ ಶತ್ರುವಿನೊಡನೆ ವ್ಯಾಪಾರ ಮಾಡಿದ ಅಪರಾಧವಾಯಿತು. 1952ರಲ್ಲಿ ಮೊಕದ್ದಮೆ, ಪತ್ರಿಕೆಗೆ ದಂಡ, ಸಂಪಾದಕ ಯೂಜೀನ್ ಮೊಯ್‌ಗೆ ಜೈಲು. ಎಫ್‌ಬಿಐ ಚಂದಾದಾರರ ಮನೆ ಬಾಗಿಲಿಗೂ ಹೋಯಿತು. ಓದುಗರಲ್ಲಿ ಎಷ್ಟೋ ಜನ ಕಾಗದದ ಮಕ್ಕಳು. ವಿಚಾರಣೆಗೆ ಹೆದರಿ ಚಂದಾ ಬಿಟ್ಟರು. ಆ ಪೆಟ್ಟನ್ನೂ ತಡೆದುಕೊಂಡು ಪತ್ರಿಕೆ 1989ರವರೆಗೆ ಉಳಿಯಿತು.

ಆ ಮೊಕದ್ದಮೆಯ ಹೊತ್ತಿಗಾಗಲೇ ಹಳಬರು ಒಬ್ಬೊಬ್ಬರಾಗಿ ಹೊರಟಿದ್ದರು. ಇಂಗ್ ಪೂನ್ ಚ್ಯೂ 1931ರಲ್ಲಿ ತೀರಿಕೊಂಡ. ಅವನ ಪತ್ರಿಕೆ 1951ರಲ್ಲಿ ಮುಚ್ಚಿತು. 1943ರಲ್ಲಿ, ಚೀನಾ ಯುದ್ಧದಲ್ಲಿ ಮಿತ್ರನಾದ ಕಾರಣಕ್ಕೆ, 1882ರ ಬಹಿಷ್ಕಾರದ ಕಾಯ್ದೆ ರದ್ದಾಯಿತು ನಿಜ. ಆದರೆ ಒಳಗೆ ಬಿಟ್ಟದ್ದು ವರ್ಷಕ್ಕೆ 105 ಜನರನ್ನು. ಅಷ್ಟು ಜನರಿಂದ ಯಾವ ಪತ್ರಿಕೆ ಬದುಕೀತು?

ಬದುಕಿಸಿದ್ದು 1965ರ ಕಾನೂನು. ದೇಶವೊಂದಕ್ಕೆ ವರ್ಷಕ್ಕೆ 20 ಸಾವಿರದವರೆಗೆ ಅವಕಾಶ ಸಿಕ್ಕಿತು. ಹಾಂಗ್‌ಕಾಂಗ್, ತೈವಾನ್, ಆಮೇಲೆ ಮುಖ್ಯಭೂಮಿ ಚೀನಾ, ಎಲ್ಲ ಕಡೆಯಿಂದ ಜನ ಬಂದರು. ನಮ್ಮವರು ಹೊರಟದ್ದೂ ಅದೇ ಕಾನೂನಿನ ಬಾಗಿಲಿನಿಂದ. ಬೆನ್ನ ಹಿಂದೆಯೇ ದೊಡ್ಡ ಪತ್ರಿಕಾ ಮನೆತನಗಳು ಬಂದವು. ಹಾಂಗ್‌ಕಾಂಗಿನ ‘ಸಿಂಗ್ ತಾವ್’ ಅಮೆರಿಕದ ಆವೃತ್ತಿ ತಂದಿತು. 1976ರ ಫೆಬ್ರುವರಿಯಲ್ಲಿ ತೈವಾನಿನ ‘ಯುನೈಟೆಡ್ ಡೈಲಿ ನ್ಯೂಸ್’ ಗುಂಪಿನ ‘ವರ್ಲ್ಡ್ ಜರ್ನಲ್’ ಶುರುವಾಯಿತು. ಪೇಜುಗಟ್ಟಲೆ ಸುದ್ದಿ, ಧಾರಾವಾಹಿ, ಮನೆ ಮಾರಾಟದ ಜಾಹೀರಾತು. ಗೋಡೆಯುದ್ದದ ಕೇಸಿನಿಂದ ಮೊಳೆ ಆರಿಸುತ್ತಿದ್ದ ಹಳೆಯ ಕಚೇರಿಗಳು ಇದರೆದುರು ಹೇಗೆ ನಿಂತಾವು? ‘ಚೈನೀಸ್ ವರ್ಲ್ಡ್’ ಅದಕ್ಕೂ ಮೊದಲೇ 1969ರಲ್ಲಿ, ‘ಚೈನೀಸ್ ಟೈಮ್ಸ್’ 1988ರಲ್ಲಿ, ‘ಯಂಗ್ ಚೈನಾ’ 1991ರಲ್ಲಿ ಬಾಗಿಲು ಹಾಕಿದವು. ಓದುಗರು ಹೆಚ್ಚಾದ ಕಾಲದಲ್ಲೇ ಬೀದಿಯ ಪತ್ರಿಕೆಗಳು ಸತ್ತವು. ಬೀದಿಯ ಜಾಗಕ್ಕೆ ತಾಯ್ಪೇ, ಹಾಂಗ್‌ಕಾಂಗಿನ ಬಂಡವಾಳ ಬಂತು. 2021ರಲ್ಲಿ ಅಮೆರಿಕ ಸರ್ಕಾರ ‘ಸಿಂಗ್ ತಾವ್’ನ ಅಲ್ಲಿನ ಸಂಸ್ಥೆಯನ್ನು ವಿದೇಶಿ ಪ್ರತಿನಿಧಿಯೆಂದು ನೋಂದಾಯಿಸಿಕೊಳ್ಳುವಂತೆ ಮಾಡಿತು. ಚುಂಗ್ ಸಾಯ್‌ನಂತೆ ಯಾರ ಜೇಬಿನಲ್ಲೂ ಇಲ್ಲದೆ ನಿಲ್ಲುವುದು ಎಂದೂ ಸುಲಭವಾಗಿರಲಿಲ್ಲ. ಈಗಂತೂ ಹೊಸದಾಗಿ ಬಂದವರು ವೀಚಾಟ್‌ನಲ್ಲೇ ಎಲ್ಲವನ್ನೂ ಓದಿಬಿಡುತ್ತಾರೆ.

ಹಡಗು ನಿಂತರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಕೋಲ್ಕತ್ತದ ಚೀನೀಯರು ವಾರನ್ ಹೇಸ್ಟಿಂಗ್ಸ್ ಕಾಲದಿಂದ ಅಲ್ಲಿದ್ದವರು. ಬಡಗಿಗಳು, ಚಮ್ಮಾರರು, ದಂತವೈದ್ಯರು, ಟಾಂಗ್ರಾದ ಚರ್ಮ ಹದಮಾಡುವ ಹಕ್ಕಾ ಮನೆತನಗಳು. 1930ರ ದಶಕದಲ್ಲೇ ಅವರದೊಂದು ಚೀನೀ ಪತ್ರಿಕೆ ಇತ್ತು. 1962ರ ಯುದ್ಧ ಬಂತು. ಸುಮಾರು 3,000 ಜನರನ್ನು ರಾಜಸ್ಥಾನದ ದೇವಲಿ ಶಿಬಿರಕ್ಕೆ ತುಂಬಿದರು, ಅವರಲ್ಲಿ ಇಲ್ಲೇ ಹುಟ್ಟಿದ ಮಕ್ಕಳೂ ಇದ್ದರು. ಬಿಟ್ಟ ಮೇಲೆ ಬಹಳಷ್ಟು ಮಂದಿ ಕೆನಡಾ ದಾರಿ ಹಿಡಿದರು. ಚೀನಾದಿಂದ ಹೊಸಬರು ಬರಲಿಲ್ಲ. ಅಂಥ ದಿನಗಳಲ್ಲೂ 1969ರಲ್ಲಿ ಟಾಂಗ್ರಾದಲ್ಲಿ ಲೀ ಯೂನ್ ಚಿನ್ ‘ಸಿಯಾಂಗ್ ಪೌ’ ಶುರುಮಾಡಿದರು. ಸಣ್ಣ ದಿನಪತ್ರಿಕೆ. ಸ್ಥಳೀಯ ಇಂಗ್ಲಿಷ್ ಪತ್ರಿಕೆಗಳಿಂದ ಸುದ್ದಿ ಆಯ್ದು ಚೀನೀಗೆ ತಿರುಗಿಸುವುದು, ಮದುವೆ, ಸಾವು, ಹಬ್ಬದ ಪ್ರಕಟಣೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್‌ಗೆ ನಿಂತ ಪತ್ರಿಕೆ ಮತ್ತೆ ಏಳಲಿಲ್ಲ. ವೃದ್ಧ ಸಂಪಾದಕರೂ ಅದೇ ವರ್ಷ ತೀರಿಕೊಂಡರು. ಭಾಷೆಯ ಮೇಲೆ ಆ ಮನೆತನಗಳಿಗೆ ಪ್ರೀತಿ ಕಡಿಮೆಯಿತ್ತೆಂದು ಯಾರು ಹೇಳಬಲ್ಲರು? ಐವತ್ತೊಂದು ವರ್ಷ ನಡೆಸಿದ್ದೇ ಪ್ರೀತಿ. ಓದುವವರು ಇರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಈ ಕತೆ ನಮಗೆ ಗೊತ್ತಾಗಿರುವುದರಲ್ಲಿ ಬಹುಪಾಲು ಹಿಮ್ ಮಾರ್ಕ್ ಲಾಯ್ ದೆಸೆಯಿಂದ. 1925ರಲ್ಲಿ ಅಲ್ಲೇ ಹುಟ್ಟಿದ ಇವರು ವೃತ್ತಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಕಚೇರಿ ಮುಗಿಸಿ ಬಂದು ಚೈನಾಟೌನಿನ ಹಳೆಯ ಪತ್ರಿಕೆಗಳನ್ನು ಹುಡುಕುವುದು, ಜೋಪಾನ ಮಾಡುವುದು, ಪಟ್ಟಿ ಮಾಡುವುದು ಅವರ ಹುಚ್ಚು. ಕಾರ್ಲ್ ಲೋ ಜೊತೆಗೂಡಿ 1854ರಿಂದ 1975ರವರೆಗಿನ ಉತ್ತರ ಅಮೆರಿಕದ ಚೀನೀ ಪತ್ರಿಕೆಗಳ ಪಟ್ಟಿಯನ್ನು 1977ರಲ್ಲಿ ಪ್ರಕಟಿಸಿದರು. ಇವರ ತಂದೆಯೂ ಕಾಗದದ ಮಗನೇ. ಲಾಯ್ ಎಂಬುದು ಕೊಂಡ ಕುಲನಾಮ, ನಿಜವಾದದ್ದು ಮಾರ್ಕ್. ಅದನ್ನು ಮಕ್ಕಳ ಹೆಸರಿನ ನಡುವೆ ಸೇರಿಸಿ ಉಳಿಸಿಕೊಂಡಿದ್ದರು. 2009ರಲ್ಲಿ ತೀರಿಕೊಂಡ ಅವರ ಹೆಸರನ್ನು ಈಗ ಪವೆಲ್ ಬೀದಿಯಲ್ಲಿರುವ ಚೈನಾಟೌನಿನ ಸಾರ್ವಜನಿಕ ಗ್ರಂಥಾಲಯಕ್ಕೆ ಇಟ್ಟಿದ್ದಾರೆ. ಮಕ್ಕಳ ಮನೆಗೆಂದು ಬೇ ಏರಿಯಾಕ್ಕೆ ಹೋಗುವ ಕನ್ನಡದ ಅಪ್ಪ ಅಮ್ಮಂದಿರು ಗೋಲ್ಡನ್ ಗೇಟ್ ಸೇತುವೆ ನೋಡಿದ ಮೇಲೆ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ. ಒಳಗೆ ಹೋಗಲು ಟಿಕೆಟ್ ಬೇಕಿಲ್ಲ.